ಕಾಣದ ಹೊಗೆ: ಗ್ಯಾಸ್ ಒಲೆಯ ಜೊತೆ ನನ್ನ ಅನುಭವ

ಗ್ಯಾಸ್ ಒಲೆಯಲ್ಲಿ ಕಣ್ಣಿಗೆ ಕಾಣುವ ಹೊಗೆ ಇಲ್ಲ. ಅದಕ್ಕೇ ಅದರ ಬಗ್ಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ.

ನಾನು ಬೆಂಗಳೂರಿನಲ್ಲಿ ಮನೆಯಿಂದಲೇ ಆಫೀಸಿನವರಿಗೆ ಊಟದ ಡಬ್ಬಿ ಕಳಿಸುತ್ತೇನೆ. ಬೆಳಗಿನ ಜಾವದಿಂದ ಮಧ್ಯಾಹ್ನದ ತನಕ ಒಲೆ ಉರಿಯುತ್ತಲೇ ಇರುತ್ತದೆ. ಮಗನಿಗೆ ಉಬ್ಬಸ. ಅವನನ್ನು ನೋಡುವ ಡಾಕ್ಟರು ಧೂಳು, ಊದುಬತ್ತಿ, ಸೊಳ್ಳೆಬತ್ತಿ ಎಲ್ಲ ವಿಚಾರಿಸಿ, "ನೀವು ಅಡುಗೆ ಮಾಡುವಾಗ ಇವನು ಎಲ್ಲಿರ್ತಾನಮ್ಮ?" ಎಂದರು. ಅಡುಗೆ ಕಟ್ಟೆ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದ. ಆಮೇಲೆ ನಾನು ಈ ವಿಷಯ ಹುಡುಕಿ ಓದಿದೆ.

ನಮ್ಮತ್ತೆ, "ಊದುಗೊಳವೆ ಹಿಡಿದು ಊದಿ ಊದಿ ನಮ್ಮ ಕಣ್ಣೇ ಹೋಗ್ತಿತ್ತು, ಇದ್ರಲ್ಲಿ ಏನಿದೆ ಹೊಗೆ?" ಅನ್ನುತ್ತಾರೆ. ಅವರ ಮಾತು ನಿಜ. ಸೌದೆ, ಬೆರಣಿಗಿಂತ ಎಲ್‌ಪಿಜಿ ಎಷ್ಟೋ ಮೇಲು. ಆದರೆ ಉರಿಯ ಕಾವಿಗೆ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಡೈಆಕ್ಸೈಡ್ ಎಂಬ ಅನಿಲ ಆಗುತ್ತದೆ. ಉರಿ ಚೆನ್ನಾಗಿ ನೀಲಿಯಾಗಿದ್ದರೂ ಆಗುತ್ತದೆ. ಪೈಪ್ ಗ್ಯಾಸಿನಲ್ಲೂ ಅಷ್ಟೇ. ಈ ಅನಿಲ ಶ್ವಾಸನಾಳವನ್ನು ಕೆರಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಹಾಕಿದ ಮಿತಿ ಘನ ಮೀಟರ್ ಗಾಳಿಗೆ ದಿನದ ಸರಾಸರಿ 25 ಮೈಕ್ರೋಗ್ರಾಂ. ಗ್ಯಾಸಿನಲ್ಲಿ ಅಡುಗೆ ಮಾಡುವ ಮನೆಯ ಮಕ್ಕಳಲ್ಲಿ ಆಸ್ತಮಾ ಸಾಧ್ಯತೆ ಶೇ. 42ರಷ್ಟು ಜಾಸ್ತಿ ಎಂದು, 41 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ಒಂದು ವರದಿ ಹೇಳಿತು. ಗ್ಯಾಸೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಉಬ್ಬಸದ ಮಗು ಮನೆಯಲ್ಲಿದ್ದರೆ ಸಾಬೀತಾಗುವವರೆಗೆ ಕಾಯುವುದು ಯಾಕೆ?

ಮೊದಲು ಚಿಮಣಿ ನೋಡಿದೆ. ನಮ್ಮದು ಕೊಳವೆ ಇಲ್ಲದ ಚಿಮಣಿ. ಎಣ್ಣೆ ಜಿಡ್ಡನ್ನು ಹಿಡಿದುಕೊಂಡು ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಅದನ್ನು ತೆಗೆಸಿ, ಗೋಡೆ ಕೊರೆಸಿ ಹೊರಗೆ ಕೊಳವೆ ಹೋಗುವಂಥದ್ದು ಹಾಕಿಸಿದೆ. ನನ್ನ ಲೆಕ್ಕದಲ್ಲಿ ಮಾಡಿದ್ದರಲ್ಲೆಲ್ಲ ಉಪಯೋಗವಾದದ್ದು ಇದೇ. ಒಲೆ ಹಚ್ಚುವ ಮುಂಚೆಯೇ ಅದನ್ನು ಹಾಕುತ್ತೇನೆ, ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಬಿಡುತ್ತೇನೆ. ಯುಟಿಲಿಟಿ ಬಾಗಿಲನ್ನು ಒಂದಿಷ್ಟು ತೆರೆದಿಡುತ್ತೇನೆ. ಹೊಸ ಗಾಳಿ ಒಳಗೆ ಬರದಿದ್ದರೆ ಚಿಮಣಿ ಏನನ್ನು ತಾನೆ ಎಳೆಯುತ್ತದೆ? ಹೆಚ್ಚು ಹೊತ್ತು ಬೇಯುವುದನ್ನು ಗೋಡೆ ಕಡೆಯ ಬರ್ನರ್ ಮೇಲೆ ಇಡುತ್ತೇನೆ. ಅಲ್ಲಿಂದ ಏಳುವ ಬಿಸಿ ಗಾಳಿ ಚಿಮಣಿಗೆ ಚೆನ್ನಾಗಿ ಸಿಗುತ್ತದೆ.

ಅನ್ನ ಈಗ ಕರೆಂಟ್ ಕುಕ್ಕರಿನಲ್ಲಿ, ಬಿಸಿನೀರು ಕೆಟಲ್‌ನಲ್ಲಿ, ಬೇಳೆ ಇಂಡಕ್ಷನ್ ಮೇಲೆ. ಹಳೇ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ತಳಕ್ಕೆ ಅಂಟಿದರೆ ಆ ಪಾತ್ರೆ ಆಗುತ್ತದೆ. ರೊಟ್ಟಿ, ದೋಸೆ ಮಾತ್ರ ಗ್ಯಾಸಿನಲ್ಲೇ. ಇಂಡಕ್ಷನ್ ಇದ್ದರೂ ಒಗ್ಗರಣೆ ಘಾಟು, ಕರಿಯುವ ಎಣ್ಣೆಯ ಹೊಗೆ ಇದ್ದದ್ದೇ. ಚಿಮಣಿ ಆಗಲೂ ಬೇಕು.

ಉರಿ ಹಳದಿಯಾಗಿ ಪಾತ್ರೆ ತಳಕ್ಕೆ ಮಸಿ ಹಿಡಿದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತದೆ. ಹಿತ್ತಾಳೆ ಬರ್ನರನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸುತ್ತೇನೆ. ಆಮೇಲೂ ಹಳದಿಯಿದ್ದರೆ ಸರ್ವಿಸ್‌ನವರನ್ನು ಕರೆಸುತ್ತೇನೆ.

ಮಗ ಈಗ ಹಾಲ್‌ನಲ್ಲಿ ಓದುತ್ತಾನೆ. ಇನ್ಹೇಲರ್ ನಡೆದೇ ಇದೆ, ಅದನ್ನು ಡಾಕ್ಟರ್ ಹೇಳದೆ ಬಿಡಿಸುವ ಹಾಗಿಲ್ಲ. ರಾತ್ರಿ ಕೆಮ್ಮು ಕಡಿಮೆಯಾಗಿದೆ. ನನ್ನ ಕಣ್ಣುರಿಯೂ ಹೋಗಿದೆ.

ಬಾಡಿಗೆ ಮನೆಯವರು ಗೋಡೆ ಕೊರೆಸುವುದು ಕಷ್ಟ ಅಲ್ವಾ? ಕಿಟಕಿಯ ಒಂದು ಗಾಜು ತೆಗೆದು ಅಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಬಹುದು. ಮನೆ ಬಿಡುವಾಗ ಗಾಜು ವಾಪಸ್ ಹಾಕಿದರಾಯಿತು. ಹಾಗೇ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ದಯವಿಟ್ಟು ಈ ವಾರವೇ ಅದನ್ನು ಗಾಳಿಯಾಡುವ ಹೊರಜಾಗಕ್ಕೆ ಹಾಕಿಸಿ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ವಾಸನೆಯೇ ಬರುವುದಿಲ್ಲ, ಸ್ನಾನಕ್ಕೆ ಹೋದವರು ಕೂಗುವ ಮುಂಚೆಯೇ ಎಚ್ಚರ ತಪ್ಪುತ್ತಾರೆ.