ನ್ಯಾನೊಎಮಲ್ಷನ್ ಮಾಡುವ ಮುಂಚೆ ಎಣ್ಣೆ ಆರಿಸಿಕೊಳ್ಳಿ

ನ್ಯಾನೊಎಮಲ್ಷನ್ ಅಂದರೆ ನೀರಿನಲ್ಲಿ ಎಣ್ಣೆಯ ಅತಿ ಸಣ್ಣ ಹನಿಗಳು ಹರಡಿದ ಮಿಶ್ರಣ; ಎಣ್ಣೆಯಲ್ಲಿ ಕರಗುವ ಪೋಷಕಾಂಶವನ್ನು ಮೈಗೆ ತಲುಪಿಸಲು ಮಾಡೋದು. ಲ್ಯಾಬಿಗೆ ಹೊಸದಾಗಿ ಬಂದವರೆಲ್ಲ ಕೇಳೋದು ಒಂದೇ: "ಹನಿ ಎಷ್ಟು ನ್ಯಾನೊಮೀಟರ್‌ಗೆ ಇಳಿಸಬೇಕು?" 200ರ ಒಳಗಿದ್ದರೆ ಸಾಕು. ನಾನು ತಿರುಗಿ ಕೇಳೋದು, "ಎಣ್ಣೆ ಯಾವುದು?"

ಹನಿ ಸಣ್ಣದಾದಷ್ಟೂ ಕರುಳಿನಲ್ಲಿ ಕೊಬ್ಬು ಒಡೆಯುವ ಕಿಣ್ವ ಲೈಪೇಸ್ ಅದನ್ನು ಬೇಗ ಜೀರ್ಣಿಸುತ್ತದೆ, ನಿಜ. ಆದರೆ ಆಮೇಲೆ ಪೋಷಕಾಂಶವನ್ನು ಹೊತ್ತೊಯ್ಯಲು ಮೈಸೆಲ್ (ಪಿತ್ತರಸ, ಕೊಬ್ಬಿನಾಮ್ಲ ಸೇರಿ ಆಗುವ ಪುಟ್ಟ ಉಂಡೆ) ಬೇಕಲ್ವಾ? ಎಂಸಿಟಿ ಎಣ್ಣೆ (ಮಧ್ಯಮ ಉದ್ದದ ಕೊಬ್ಬಿನಾಮ್ಲಗಳ ಎಣ್ಣೆ) ತೆಳು, ಸುಲಭವಾಗಿ ಒಡೆಯುತ್ತದೆ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಆಸೆ. ಆದರೆ ಅದರ ಗಿಡ್ಡ ಕೊಬ್ಬಿನಾಮ್ಲಗಳ ಮೈಸೆಲ್‌ನಲ್ಲಿ ಬೀಟಾ ಕ್ಯಾರೊಟಿನ್‌ನಂಥ (ಕ್ಯಾರೆಟ್‌ನ ಕಿತ್ತಳೆ ಬಣ್ಣದ ಪೋಷಕಾಂಶ) ಉದ್ದನೆಯ ಅಣುವಿಗೆ ಜಾಗ ಸಾಲದು. ಅದಕ್ಕೇ ನಾನು ಉದ್ದ ಕೊಬ್ಬಿನಾಮ್ಲಗಳಿರುವ ಮೆಕ್ಕೆಜೋಳದ ಎಣ್ಣೆಯನ್ನೇ ಹಿಡಿಯುತ್ತೇನೆ.

100 ಗ್ರಾಂ ಬ್ಯಾಚ್‌ಗೆ 10 ಗ್ರಾಂ ಎಣ್ಣೆ ಸಾಕು. ಅದಕ್ಕೆ 10 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಹಾಕಿ, 50ರಿಂದ 60 ಡಿಗ್ರಿ ಬಿಸಿನೀರಿನಲ್ಲಿಟ್ಟು ಕಲಕಿ. ಒಂದು ತೊಟ್ಟು ಮೈಕ್ರೊಸ್ಕೋಪ್ ಕೆಳಗೆ ನೋಡಿ. ಹರಳು ಕಂಡರೆ ಇನ್ನೂ ಕರಗಿಲ್ಲ, ಮುಂದೆ ಹೋಗಬೇಡಿ. ಇನ್ನೊಂದು ಕಡೆ 88 ಗ್ರಾಂ ನೀರಿನಲ್ಲಿ 2 ಗ್ರಾಂ ಕ್ವಿಲ್ಲಾಯ ಸಪೋನಿನ್ (ಕ್ವಿಲ್ಲಾಯ ಮರದ ತೊಗಟೆಯಿಂದ ಬರುವ, ಎಣ್ಣೆ ಹನಿಗಳನ್ನು ನೀರಿನಲ್ಲಿ ಹಿಡಿದಿಡುವ ಪದಾರ್ಥ) ಕರಗಿಸಿ. ನೊರೆ ಜಾಸ್ತಿ, ತಾಳ್ಮೆ ಬೇಕು. ಅದರ ಬದಲು ಹಾಲಿನ ವೇ ಪ್ರೋಟೀನ್ ಕೂಡ ಆಗುತ್ತದೆ, ಆದರೆ ಪಿಎಚ್ 5ರ ಆಸುಪಾಸಿನಲ್ಲಿ ಅದರ ವಿದ್ಯುದಂಶ ಇಲ್ಲವಾಗಿ ಹನಿಗಳು ಗುಂಪುಗಟ್ಟುತ್ತವೆ.

ಎರಡನ್ನೂ ಸೇರಿಸಿ ಹೈ ಶಿಯರ್ ಮಿಕ್ಸರ್‌ನಲ್ಲಿ 2 ನಿಮಿಷ ಓಡಿಸಿ. ಆಮೇಲೆ ಹೈ ಪ್ರೆಶರ್ ಹೋಮೊಜಿನೈಸರ್‌ನಲ್ಲಿ (ಕಿರಿದಾದ ಕಿಂಡಿಯಲ್ಲಿ ಒತ್ತಿ ಹನಿ ಒಡೆಯುವ ಯಂತ್ರ) 700 ಬಾರ್ ಒತ್ತಡದಲ್ಲಿ 3ರಿಂದ 5 ಸಲ ಹಾಯಿಸಿ. ಪ್ರತಿ ಸಲವೂ ಬಿಸಿಯಾಗಿ ಬರುತ್ತದೆ, ತಣ್ಣಗೆ ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚು ಸಲ ಹಾಯಿಸಿದರೆ ಸುಮ್ನೆ ಕರೆಂಟು ಖರ್ಚು, ಹನಿ ಅಷ್ಟೇನೂ ಇಳಿಯುವುದಿಲ್ಲ.

ಬೀಟಾ ಕ್ಯಾರೊಟಿನ್ ಇಲ್ಲದ ಪ್ರಯೋಗದ ಬ್ಯಾಚ್‌ನಲ್ಲಿ ಒಂದು ಸುಲಭದ ಪರೀಕ್ಷೆ ಮಾಡಬಹುದು: ಒಂದು ತೊಟ್ಟನ್ನು ಲೋಟ ನೀರಿಗೆ ಬಿಟ್ಟು, ಪಕ್ಕದಿಂದ ಬೆಳಕು ಹಾಕಿ, ಲೋಟವನ್ನು ಕಪ್ಪು ಬಟ್ಟೆಯ ಮುಂದೆ ಹಿಡಿಯಿರಿ. ಹನಿ ಸಣ್ಣದಾಗಿದ್ದರೆ ತಿಳಿ ನೀಲಿ ಛಾಯೆ ಕಾಣುತ್ತದೆ, ದೊಡ್ಡದಾಗಿದ್ದರೆ ಬರೀ ಹಾಲಿನ ಬಿಳಿ. ಖಚಿತ ಅಳತೆಗೆ ಡಿಎಲ್‌ಎಸ್ ಯಂತ್ರವೇ (ಬೆಳಕಿನ ಚದುರುವಿಕೆಯಿಂದ ಹನಿಯ ಗಾತ್ರ ಅಳೆಯುವುದು) ಬೇಕು.

ಹನಿ ಸಣ್ಣದಾದಂತೆ ಒಟ್ಟು ಮೇಲ್ಮೈ ಹಿಗ್ಗುತ್ತದೆ, ಆಕ್ಸಿಜನ್ನಿಗೆ ಹಬ್ಬ. ಎಣ್ಣೆಗೆ ಮೊದಲೇ ಸ್ವಲ್ಪ ವಿಟಮಿನ್ ಇ ಸೇರಿಸಿ, ಕಂದು ಬಾಟಲಿಯಲ್ಲಿ ನೈಟ್ರೋಜನ್ ತುಂಬಿ ಫ್ರಿಜ್‌ನಲ್ಲಿಡಿ, ಆದರೆ ಹೆಪ್ಪುಗಟ್ಟಲು ಬಿಡಬೇಡಿ. ಕಿತ್ತಳೆ ಬಣ್ಣ ಪೇಲವವಾದರೆ ಪೋಷಕಾಂಶ ಹೋಗುತ್ತಿದೆ ಎಂದೇ ಲೆಕ್ಕ.

ವಿಟಮಿನ್ ಡಿಗೂ ಇದೇ ದಾರಿ. ಆದರೆ ಹೀರಿಕೆ ಹೆಚ್ಚಬಹುದು, ಹಾಗಾಗಿ ಪ್ರಮಾಣದಲ್ಲಿ ಧಾರಾಳ ಬೇಡ. ದೊಡ್ಡವರಿಗೆ ಎಲ್ಲ ಆಹಾರ, ಮಾತ್ರೆ ಸೇರಿ ದಿನಕ್ಕೆ 100 ಮೈಕ್ರೊಗ್ರಾಂ ಗರಿಷ್ಠ ಮಿತಿ.