ಹೆರಾಲ್ಡ್‌ನ ಟೆಂಪರೇಚರ್ ಮುಳ್ಳು ಕುಣಿದಾಗ

ಹಳೆಯ ಕಾರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನತ್ತ ಹೊರಟರೆ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ನಿಜವಾಗಿ ಬಿಸಿಯಾಗಿರುವುದು ಎಂಜಿನ್ನೋ, ಅಥವಾ ಮುಳ್ಳಿಗೇ ಏನೋ ಆಗಿದೆಯೋ? ಇದನ್ನು ತೀರ್ಮಾನಿಸದೆ ರೇಡಿಯೇಟರ್ ಬಿಚ್ಚಿಸಿ, ವಾಟರ್ ಪಂಪ್ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ಬೆಂಗಳೂರಿನಲ್ಲಿ ಬಹಳ ನೋಡಿದ್ದೇನೆ.

ನನ್ನದು ಮದರಾಸಿನಲ್ಲಿ ತಯಾರಾದ, 1960ರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್. ಹಿಂದಿನ ಮಾಲೀಕರೊಬ್ಬರು ಅದಕ್ಕೆ ಅದೇ ಕಾಲದ, ಸ್ಮಿತ್ಸ್ ಕಂಪನಿಯ ಟೆಂಪರೇಚರ್ ಗೇಜ್ ಜೋಡಿಸಿದ್ದರು. ಬ್ರಿಟಿಷ್ ಕಾರುಗಳ ವೈರುಗಳಿಗೆ ಲೂಕಾಸ್ ಕಂಪನಿ ಬಳಸುತ್ತಿದ್ದ ಬಣ್ಣಗಳ ಪದ್ಧತಿಯಂತೆ, ಎಂಜಿನ್ನಿನಿಂದ ಗೇಜಿಗೆ ಹಸಿರಿನ ಮೇಲೆ ನೀಲಿ ಗೆರೆ ಇರುವ ವೈರನ್ನೇ ಹುಡುಕಿ ಎಳೆಸಿದ್ದರು. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿಸಿದ ಆ ಪುಣ್ಯಾತ್ಮರಿಗೆ ನಾನು ಋಣಿ. ಅವರು ಕೈಗೆ ಸಿಕ್ಕ ಬಣ್ಣದ ವೈರು ಹಾಕಿಸಿದ್ದರೆ ಮುಂದಿನ ಹುಡುಕಾಟ ಬಹಳ ಕಷ್ಟವಾಗುತ್ತಿತ್ತು.

ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳು ತೆವಳುವಾಗ ಮುಳ್ಳು ಮೆಲ್ಲಗೆ ಮೇಲೇರುತ್ತಿತ್ತು. ರಸ್ತೆ ಖಾಲಿಯಿದ್ದಾಗಲೂ ಕೆಲವೊಮ್ಮೆ ಏರುತ್ತಿತ್ತು. ಇನ್ನು ಕೆಲವೊಮ್ಮೆ ಎಂಜಿನ್ ಚೆನ್ನಾಗಿ ಕಾದಿದ್ದರೂ ತಣ್ಣಗಿನ ಕಡೆಗೆ ಕುಸಿಯುತ್ತಿತ್ತು. ತೋರಿಸಿದ ಗ್ಯಾರೇಜಿನಲ್ಲಿ ಬಂದ ಸಲಹೆ: "ಥರ್ಮೋಸ್ಟಾಟ್ ತೆಗೆದುಬಿಡಿ ಸಾರ್, ನಮ್ಮ ಊರಿಗೆ ಅದು ಬೇಕಿಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಬೇಗ ಕಾದು, ಕಾದ ಮೇಲೆ ಒಂದೇ ಹದದಲ್ಲಿ ಇರಲಿ ಎಂದೇ ಥರ್ಮೋಸ್ಟಾಟ್ ಇರುವುದು. ಅದನ್ನು ಕಿತ್ತರೆ ಎಂಜಿನ್ ಹದಕ್ಕೆ ಬರುವುದೇ ತಡವಾಗುತ್ತದೆ, ಚೋಕ್ ಹೆಚ್ಚು ಹೊತ್ತು ಬೇಕಾಗುತ್ತದೆ, ಸುಡದ ಪೆಟ್ರೋಲ್ ಇಳಿದು ಎಂಜಿನ್ ಆಯಿಲ್ ಕೆಡುತ್ತದೆ. ಕುಣಿಯುವ ಮುಳ್ಳಿಗೆ ಅದು ಮದ್ದಂತೂ ಅಲ್ಲ.

ನಾನು ಮೊದಲು ಮಾಡಿದ್ದು ಎಂಜಿನ್ನನ್ನೇ ಅಳೆಯುವ ಕೆಲಸ. ಹೆರಾಲ್ಡ್‌ನ ಬಾನೆಟ್ ಮಡ್‌ಗಾರ್ಡ್‌ಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕುಳಿತೇ ಎಂಜಿನ್ ಕೆಲಸ ಮಾಡಬಹುದು, ಇಂಥ ಸುಖ ಬೇರೆ ಕಾರಿನಲ್ಲಿ ಸಿಗುವುದು ಅಪರೂಪ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಅದಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿದರೆ ಅಳತೆ ತಪ್ಪು ಬರುತ್ತದೆ, ಟೇಪು ಅದಕ್ಕಾಗಿ. ಒಳಗೆ ಮುಳ್ಳು ಕೆಂಪಿನ ಅಂಚಿನಲ್ಲಿದ್ದಾಗ ಇಲ್ಲಿ 80–85 ಡಿಗ್ರಿಯ ಆಸುಪಾಸು. ಎಂಜಿನ್ ನಿರಪರಾಧಿ ಎಂದು ಅಲ್ಲಿಗೆ ಖಚಿತವಾಯಿತು.

ಆಮೇಲೆ ನೋಡಬೇಕಾದದ್ದು ಪಕ್ಕದ ಪೆಟ್ರೋಲ್ ಮುಳ್ಳನ್ನು. ಈ ಕಾಲದ ಅನೇಕ ಕಾರುಗಳಲ್ಲಿ ಎರಡೂ ಗೇಜುಗಳಿಗೆ ವಿದ್ಯುತ್ ಬರುವುದು ಡ್ಯಾಶ್‌ಬೋರ್ಡಿನ ಹಿಂದಿರುವ ಒಂದೇ ವೋಲ್ಟೇಜ್ ಸ್ಟೆಬಿಲೈಜರ್‌ನಿಂದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ತಗಡಿನ ಡಬ್ಬಿ ಅದು. ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ, ಅದರ ಸುತ್ತ ಕಾಯಿಸುವ ತಂತಿ. ಪಟ್ಟಿ ಬಿಸಿಯಾಗಿ ಬಾಗಿದಾಗ ಸಂಪರ್ಕ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಹೀಗೆ ಬಿಟ್ಟು ಕೂಡಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಡಿಜಿಟಲ್ ಮಲ್ಟಿಮೀಟರ್ ಇಟ್ಟರೆ ಅಂಕಿಗಳು ಹುಚ್ಚುಹುಚ್ಚಾಗಿ ಹಾರುತ್ತವೆ, ಹೆದರಬೇಕಿಲ್ಲ. ಟೆಸ್ಟ್ ಬಲ್ಬ್ ಇಟ್ಟು ನೋಡಿ: ಮಿಣುಕಿದರೆ ಸ್ಟೆಬಿಲೈಜರ್ ಕೆಲಸ ಮಾಡುತ್ತಿದೆ. ಆರದೆ ಉರಿಯುತ್ತಲೇ ಇದ್ದರೆ ಬ್ಯಾಟರಿಯ ವೋಲ್ಟೇಜ್ ಪೂರ್ತಿ ಗೇಜಿಗೆ ಹೋಗುತ್ತಿದೆ, ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

ನನ್ನ ಕಾರಿನಲ್ಲಿ ಆಗಿದ್ದು ಅದೇ. ಟೆಂಪರೇಚರ್ ಏರಿದಾಗಲೆಲ್ಲ ಟ್ಯಾಂಕಿನ ಪೆಟ್ರೋಲೂ ಹೆಚ್ಚಾದಂತೆ ಕಾಣುತ್ತಿತ್ತು! ಆ ತಗಡಿನ ಡಬ್ಬಿಗೆ ಅರ್ತಿಂಗ್, ಅಂದರೆ ಕಾರಿನ ಲೋಹದ ಮೈಯೊಂದಿಗೆ ವಿದ್ಯುತ್ ಸಂಪರ್ಕ, ಸಿಗುವುದು ಅದನ್ನು ಕೂರಿಸಿದ ಸ್ಕ್ರೂವಿನ ಮೂಲಕ. ಅರ್ತಿಂಗ್ ತಪ್ಪಿದರೆ ಕಾಯಿಸುವ ತಂತಿ ಕಾಯುವುದಿಲ್ಲ, ಸಂಪರ್ಕ ಬಿಡುವುದೇ ಇಲ್ಲ. ಸ್ಕ್ರೂ ಬಿಚ್ಚಿದಾಗ ಅದರಡಿ ಯಾವುದೋ ಕಾಲದ ಪೇಂಟು, ಪೇಂಟಿನಡಿ ಕಂದು ತುಕ್ಕು. ಎಮರಿ ಪೇಪರ್‌ನಲ್ಲಿ ಬಿಳಿ ಲೋಹ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದೆ. ಬಲ್ಬು ಮಿಣುಕತೊಡಗಿತು, ಪೆಟ್ರೋಲ್ ಮುಳ್ಳು ನೆಟ್ಟಗಾಯಿತು.

ಆದರೂ ಟೆಂಪರೇಚರ್ ಮುಳ್ಳೊಂದೇ ಆಗಾಗ ಕೆಳಗಿಳಿಯುವುದು ನಿಲ್ಲಲಿಲ್ಲ. ಪಕ್ಕದ್ದು ಸರಿಯಿದ್ದು ಇದೊಂದೇ ಕೆಟ್ಟರೆ ದೋಷ ಇರುವುದು ಗೇಜು, ವೈರು, ಸೆಂಡರ್ (ಎಂಜಿನ್ನಿನ ನೀರಿನ ಬಿಸಿಯನ್ನು ಗೇಜಿಗೆ ತಿಳಿಸುವ ಭಾಗ) ಈ ಮೂರರ ನಡುವೆ. ಇಗ್ನಿಷನ್ ಆನ್ ಮಾಡಿ, ಸೆಂಡರ್‌ನ ವೈರನ್ನು ಕಿತ್ತು ಕ್ಷಣಕಾಲ ಎಂಜಿನ್ನಿಗೆ ಮುಟ್ಟಿಸಿದರೆ ಮುಳ್ಳು ಬಿಸಿಯ ಕಡೆ ಹೊರಡಬೇಕು. ಹೊರಟೊಡನೆ ತೆಗೆಯಬೇಕು, ಹಿಡಿದೇ ಇದ್ದರೆ ಗೇಜು ಹಾಳಾಗುತ್ತದೆ. ನನ್ನದು ಒಮ್ಮೆ ಹೊರಟಿತು, ಒಮ್ಮೆ ಹೊರಡಲಿಲ್ಲ. ವೈರಿನ ತುದಿಯನ್ನು ಬಾಗಿಸಿ ನೋಡಿದರೆ ಎಂಜಿನ್ ಕಾವಿಗೆ ಹೊದಿಕೆ ಒಣಗಿ ಬಿರಿದಿತ್ತು. ಒಳಗಿನ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಒಂದೆರಡಷ್ಟೇ ಉಳಿದಿದ್ದವು. ಅಷ್ಟು ಭಾಗ ಕತ್ತರಿಸಿ, ಜೆ.ಸಿ. ರಸ್ತೆಯಿಂದ ತಂದ ಹೊಸ ಟರ್ಮಿನಲ್ ಬೆಸುಗೆ ಹಾಕಿದೆ.

ಎಂಜಿನ್ ತಣ್ಣಗಿದ್ದಾಗ ಸೆಂಡರನ್ನೂ ಬಿಚ್ಚಿ ಪರೀಕ್ಷಿಸಿದೆ. ಪಾತ್ರೆಯ ನೀರಿನಲ್ಲಿ ಅದರ ತುದಿ ಮುಳುಗಿಸಿ ಕಾಯಿಸುತ್ತ ಹೋದಂತೆ ಮಲ್ಟಿಮೀಟರ್‌ನಲ್ಲಿ ಓಮ್ ಅಂಕಿ ಒಂದೇ ಸಮನೆ ಇಳಿಯಬೇಕು. ನಡುವೆ ನೆಗೆದರೆ ಸೆಂಡರ್ ಬದಲಿಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಯಲ್ಲಿ. ಥರ್ಮಾಮೀಟರ್ 100 ತೋರಿಸಲಿಲ್ಲವೆಂದು ಅದನ್ನು ದೂರಬೇಡಿ. ಮರಳಿ ಕೂರಿಸುವಾಗ ಸೆಂಡರ್‌ನ ಮರೆಗೆ (ತಿರುಪಿನ ಸುತ್ತುಗಳಿಗೆ) ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಸೆಂಡರ್‌ಗೆ ಅರ್ತಿಂಗ್ ಸಿಗುವುದು ಆ ಮರೆಯಿಂದಲೇ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಕೆಳಗಿಳಿದ ಮುಳ್ಳು ಯಾವಾಗಲೂ ವೈರಿನ ದೋಷವಲ್ಲ. ನೀರು ಸೋರಿಹೋಗಿ ಸೆಂಡರ್‌ನ ತುದಿ ಬರಿಯ ಗಾಳಿಯಲ್ಲಿ ಉಳಿದರೂ ಅದು ಕಡಿಮೆ ತೋರಿಸಬಹುದು, ಎಂಜಿನ್ ಅದೇ ಹೊತ್ತಿಗೆ ಬೇಯುತ್ತಿರುತ್ತದೆ. ಸಂಶಯ ಬಂದರೆ ಕಾರು ನಿಲ್ಲಿಸಿ, ಪೂರ್ತಿ ತಣಿದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಿ.

ಹಳೆಯ ಸ್ಟೆಬಿಲೈಜರ್ ಕೈಕೊಟ್ಟರೆ ಎಸ್.ಪಿ. ರಸ್ತೆಯಲ್ಲಿ ಸಿಗುವ 7810 ಎಂಬ ವೋಲ್ಟೇಜ್ ನಿಯಂತ್ರಕ ಐಸಿಯಿಂದ ಬದಲಿ ಕಟ್ಟಬಹುದು. ಆದರೆ ಅದು ನೆಗೆಟಿವ್ ಅರ್ತ್ ಇರುವ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸಿದ ಕಾರಿಗೆ ಮಾತ್ರ. ಜೊತೆಗೆ ಅದಕ್ಕೆ 10 ವೋಲ್ಟ್ ಸ್ಥಿರವಾಗಿ ಕೊಡಲು ಸುಮಾರು 12 ವೋಲ್ಟ್ ಬೇಕು. ಡೈನಮೋ ಇರುವ ಕಾರಿನಲ್ಲಿ ಸಿಗ್ನಲ್ಲಿನಲ್ಲಿ ನಿಂತು ಹೆಡ್‌ಲೈಟ್ ಹಾಕಿದರೆ ಅಷ್ಟು ಸಿಗದೆಯೂ ಹೋಗಬಹುದು. ಹಾಗಾಗಿ ಸದ್ಯಕ್ಕೆ ಕಾರಿನಲ್ಲಿ ಹಳೆಯದನ್ನೇ ಉಳಿಸಿಕೊಂಡಿದ್ದೇನೆ.