ಫೌಜಿಗಳ ಊರಲ್ಲಿ ಸಹಿ ಕೇಳಿದ್ದು

ಕೊಡಗಿನಲ್ಲಿ ಯುದ್ಧದ ವಿಷಯ ಹಿಡಿದು ಸಹಿ ಕೇಳಲು ಹೋದರೆ ಜಗಲಿಯಲ್ಲೇ ಪ್ರಶ್ನೆ ಬರುತ್ತದೆ: "ಅಣ್ಣ, ನೀವೇ ಫೌಜಿಯಲ್ಲಿದ್ದವರು. ಇದೆಂಥ ಕೆಲಸ?"

ಅದಕ್ಕೇ ಲೋಕಸಭೆಗೆ ಕೊಡುವ ನಮ್ಮ ಅರ್ಜಿಯಲ್ಲಿ "ಯುದ್ಧ ಬೇಡ" ಅಂತ ಎಲ್ಲೂ ಬರೆಯಲಿಲ್ಲ. ಕೇಳಿದ್ದು ಇಷ್ಟು: ಸೈನ್ಯವನ್ನು ಗಡಿಯಾಚೆ ಕಳಿಸುವ ಮೊದಲು ಸಂಸತ್ತಿನಲ್ಲಿ ಚರ್ಚೆಯಾಗಿ ಮತದಾನ ನಡೆಯಲಿ. ಮಾತುಕತೆಗೆ ಏನೇನು ಪ್ರಯತ್ನ ಆಯಿತು ಎಂದು ಸರ್ಕಾರ ಸದನಕ್ಕೆ ಹೇಳಲಿ. ನಮ್ಮ ಮೇಲೇ ದಾಳಿಯಾದರೆ ತಕ್ಷಣ ಎದುರೇಟು ಕೊಡಲಿ, ಆದರೆ ಒಂದು ತಿಂಗಳೊಳಗೆ ಸದನದ ಒಪ್ಪಿಗೆ ಪಡೆಯಲಿ.

ಈ ಒಂದು ತಿಂಗಳ ಲೆಕ್ಕ ಸಂವಿಧಾನದ್ದೇ. 352ನೇ ವಿಧಿಯ ಪ್ರಕಾರ ಯುದ್ಧದ ಕಾರಣ ಕೊಟ್ಟು ತುರ್ತು ಪರಿಸ್ಥಿತಿ ಘೋಷಿಸಿದರೆ ಒಂದು ತಿಂಗಳೊಳಗೆ ಎರಡೂ ಸದನಗಳು ಒಪ್ಪಬೇಕು. 1978ರ 44ನೇ ತಿದ್ದುಪಡಿಗೆ ಮೊದಲು ಎರಡು ತಿಂಗಳ ಅವಕಾಶವಿತ್ತು. ತುರ್ತು ಪರಿಸ್ಥಿತಿಗೆ ಸದನದ ಮತ ಬೇಕು, ಯುದ್ಧಕ್ಕೆ ಬೇಕೆಂದು ಮಾತ್ರ ಎಲ್ಲೂ ಬರೆದಿಲ್ಲ. ವಿವಾದಗಳನ್ನು ಮಧ್ಯಸ್ಥಿಕೆಯಿಂದ ಬಗೆಹರಿಸಲು ಉತ್ತೇಜನ ಕೊಡಿ ಅಂತ 51ನೇ ವಿಧಿ ಹೇಳುತ್ತದೆ, ಸರಿ. ಆದರೆ ಅದು ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ ಜಾರಿ ಮಾಡಿಸಲು ಆಗುವುದಿಲ್ಲ.

ನನ್ನ ಮಾತಿಗೆ ಕಿವಿಗೊಟ್ಟರೆ ಅದಕ್ಕೆ ಶ್ರೀಲಂಕಾ ಕಾರಣ. ನಾನು ಅಲ್ಲಿಗೆ ಹೋದವನು. 1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು, ಅದರ ಬೆನ್ನಿಗೇ ಸೈನ್ಯ ಹೊರಟಿತು. ನಮ್ಮನ್ನು ಕಳಿಸಬೇಕೋ ಬೇಡವೋ ಎಂದು ಸಂಸತ್ತು ಮತ ಹಾಕಿರಲಿಲ್ಲ. ಶಾಂತಿ ಕಾಯಲು ಹೋದವರು ಅಕ್ಟೋಬರ್ ಹೊತ್ತಿಗೆ ಅಲ್ಲಿನ ತಮಿಳು ಬಂಡುಕೋರರಾದ ಎಲ್‌ಟಿಟಿಇ ಜೊತೆ ಕಾದಾಡುತ್ತಿದ್ದೆವು. ಕೊನೆಯ ತುಕಡಿ ವಾಪಸಾದದ್ದು 1990ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ನಮ್ಮ ಸೈನಿಕರೇ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಮೊದಲೇ ಚರ್ಚೆಯಾಗಿದ್ದರೆ ಹೋಗುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಹೋಗುವುದು ಯಾಕೆ, ಎಷ್ಟು ದಿನಕ್ಕೆ, ಯಾವಾಗ ವಾಪಸ್ ಅಂತ ಯಾರಾದರೂ ಎದ್ದು ನಿಂತು ಕೇಳುತ್ತಿದ್ದರು, ಅಲ್ವಾ?

ಮೊದಲು ಹೋದದ್ದು ನಿವೃತ್ತರ ಮನೆಗಳಿಗೆ. ಅವರು ಸಹಿ ಹಾಕಿದ ಮೇಲೆ ಉಳಿದವರ ಹತ್ತಿರ ಮಾತು ಸಲೀಸಾಯಿತು. ಕೆಲಸದಲ್ಲಿರುವ ಸೈನಿಕರನ್ನು ಕೇಳಲೇ ಇಲ್ಲ, ಅವರಿಗೆ ನಿಯಮದ ತೊಂದರೆ ಆಗುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಯಾರ ಮನೆಗೂ ಹೋಗಬೇಡಿ. ಕಣದಲ್ಲಿ ಕಾಫಿ ಹರಡಿಕೊಂಡವರಿಗೆ 352ನೇ ವಿಧಿ ಯಾಕೆ ಬೇಕು!

ಜಾಸ್ತಿ ಬಂದ ಆಕ್ಷೇಪ ಗುಟ್ಟಿನದು. "ಸದನದಲ್ಲಿ ಚರ್ಚೆ ಮಾಡಿದರೆ ಶತ್ರುವಿಗೆ ಎಲ್ಲ ಗೊತ್ತಾಗೋದಿಲ್ವಾ?" ಲೋಕಸಭೆಯ ನಿಯಮಗಳಲ್ಲೇ ರಹಸ್ಯ ಸಭೆಗೆ ಅವಕಾಶವಿದೆ. ಅದೂ ಬೇಡ, 1962ರ ನವೆಂಬರ್‌ನಲ್ಲಿ ಚೀನಾ ಜೊತೆ ಯುದ್ಧ ನಡೆಯುತ್ತಿರುವಾಗಲೇ ಲೋಕಸಭೆ ಬಹಿರಂಗವಾಗಿ ಚರ್ಚಿಸಿತು. ಸದನ ಬಯ್ದಿತು, ಪ್ರಧಾನಿ ಕೇಳಿಸಿಕೊಂಡರು.

"ಮಾತುಕತೆ ಹೇಡಿಗಳ ಕೆಲಸ" ಎಂದವರಿಗೆ ನಮ್ಮ ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಹೆಸರು ಸಾಕಾಗುತ್ತಿತ್ತು. 1948ರಲ್ಲಿ ಕಾಶ್ಮೀರದ ಜೋಜಿಲಾ ಪಾಸ್‌ಗೆ ಟ್ಯಾಂಕ್ ಹತ್ತಿಸಿದವರು ಅವರು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರೂ ಅವರೇ. 1965ರಲ್ಲಿ ತೀರಿಕೊಂಡದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗ. ಮಡಿಕೇರಿಯಲ್ಲಿ ಅವರ ಮನೆಯಾಗಿದ್ದ ಸನ್ನಿಸೈಡ್ ಮ್ಯೂಸಿಯಂಗೆ ಹೋಗಿ ಬಂದ ಮಕ್ಕಳಿಗೂ ಇದು ಗೊತ್ತು.

2003ರ ಇರಾಕ್ ಸಂಗತಿಯನ್ನೂ ಹೇಳುತ್ತಿದ್ದೆ. ಆ ಏಪ್ರಿಲ್‌ನಲ್ಲಿ ನಮ್ಮ ಸಂಸತ್ತು ಇರಾಕ್ ಮೇಲೆ ಅಮೆರಿಕ ಹೂಡಿದ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತು. ಜುಲೈನಲ್ಲಿ, ವಿಶ್ವಸಂಸ್ಥೆಯ ಆದೇಶವಿಲ್ಲದೆ ಅಲ್ಲಿಗೆ ಸೈನ್ಯ ಕಳಿಸುವುದಿಲ್ಲ ಎಂದು ಸರ್ಕಾರ ಅಮೆರಿಕಕ್ಕೆ ಹೇಳಿತು. ಸದನ ಬಾಯಿಬಿಟ್ಟರೆ ಸರ್ಕಾರಕ್ಕೂ "ಇಲ್ಲ" ಅನ್ನಲು ಬಲ ಬರುತ್ತದೆ ಅಂತ ನನ್ನ ಅಭಿಪ್ರಾಯ.

ಇನ್ನು ಕಾಗದದ ಕೆಲಸ. ಲೋಕಸಭೆಗೆ ಅರ್ಜಿ ಹಾಕುವಾಗ ಸದನವನ್ನೇ ಉದ್ದೇಶಿಸಿ ಬರೆಯಬೇಕು. ಸಹಿ ಹಾಕಿದ ಎಲ್ಲರ ಪೂರ್ತಿ ಹೆಸರು, ವಿಳಾಸ ಬೇಕು. ಓದುಬರಹ ಬಾರದವರದು ಹೆಬ್ಬೆಟ್ಟು ಸಾಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಬೇರೆ ಪತ್ರ, ದಾಖಲೆ ಲಗತ್ತಿಸಬಾರದು. ಕೊನೆಯಲ್ಲಿ ನಮ್ಮ ಬೇಡಿಕೆ ಏನು ಅಂತ ಸ್ಪಷ್ಟವಾಗಿರಬೇಕು. ಸಂಸದರು ಮಂಡಿಸುವುದಾದರೆ ಅವರ ಸಹಿಯೂ ಬೇಕು.

ನಮ್ಮದು ಈಗ ಆ ಸಹಿಗೆ ಕಾಯುತ್ತಿದೆ. ಅಷ್ಟರಲ್ಲಿ ಸೋಮವಾರಪೇಟೆ ಕಡೆಯ ಗೆಳೆಯರು ತಮ್ಮದೇ ಅರ್ಜಿ ತಯಾರು ಮಾಡುತ್ತೇವೆ ಅಂತ ನಮ್ಮ ಕರಡು ಕೇಳಿದ್ದಾರೆ. ಸದನದ ಒಪ್ಪಿಗೆಗೆ ಒಂದು ತಿಂಗಳು ಜಾಸ್ತಿಯಾಯಿತು, ಹದಿನೈದು ದಿನ ಸಾಕು ಅನ್ನುವುದು ಅವರ ವಾದ.